ಆರ್‌ಪಿಎಂ ಏರುತ್ತೆ, ಗಾಡಿ ಏರಲ್ಲ

ಪುಣೆಯಿಂದ ಊರ ಕಡೆ ಗಾಡಿ ಓಡಿಸೋರಿಗೆಲ್ಲ ಖಂಬಾಟ್ಕಿ ಘಾಟ್ ಗೊತ್ತು. ಕಳೆದ ದೀಪಾವಳಿಗೆ ಅಲ್ಲಿ ಹತ್ತುವಾಗ ನನ್ನ 2008ರ ಆಟೊಮ್ಯಾಟಿಕ್ ಕಾರಿನ ಇಂಜಿನ್ ಕೂಗ್ತಿತ್ತು, ಆರ್‌ಪಿಎಂ 4,000 ದಾಟ್ತಿತ್ತು, ಸ್ಪೀಡ್ ಮಾತ್ರ 40 ಬಿಟ್ಟು ಏಳ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ. ಕಾರಿನ ಹಿಂದೆ ಲಾರಿಗಳ ಸಾಲು. ವಾಪಸ್ ಬಂದು ಒಂದು ಗ್ಯಾರೇಜಿಗೆ ತೋರಿಸಿದರೆ, ಬಾನೆಟ್ ಕೂಡ ಎತ್ತದೆ "ಗೇರ್‌ಬಾಕ್ಸ್ ಹೋಗಿದೆ ಸರ್, 90,000 ಆಗುತ್ತೆ" ಅಂದರು. ಕಾರು ಮಾರಿದರೆ ಬರೋದೇ ಒಂದೂವರೆ ಲಕ್ಷ!

ಸರ್ವರ್ ಬಿದ್ದರೆ ಲಾಗ್ ನೋಡದೆ ಮಷೀನ್ ಬದಲಾಯಿಸ್ತೀವಾ? ಇಲ್ಲೂ ಲಾಗ್ ಇದೆ.

ನಾನು ಹೇಳ್ತಿರೋದು ಟಾರ್ಕ್ ಕನ್ವರ್ಟರ್ ಇರುವ ಹಳೇ ಆಟೊಮ್ಯಾಟಿಕ್ ಬಗ್ಗೆ. ಎಎಂಟಿ ಜಾರಿದರೆ ಮಾಮೂಲಿ ಕ್ಲಚ್ ಪ್ಲೇಟ್ ನೋಡಬೇಕು. ಸಿವಿಟಿ ಕಥೆಯೇ ಬೇರೆ.

ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಗೇರ್ ಕೆಳಗಿಳಿದು ಆರ್‌ಪಿಎಂ ಏರೋದು ಸಹಜ, ಆಗ ಗಾಡಿಯೂ ಎಳೆಯುತ್ತೆ. ಆರ್‌ಪಿಎಂ ಏರಿಯೂ ಗಾಡಿ ಎಳೆಯದಿದ್ದರೆ ಒಳಗಿನ ಕ್ಲಚ್‌ಗಳು ಜಾರ್ತಿವೆ. ಅವನ್ನ ಒತ್ತಿ ಹಿಡಿಯೋದು ಆಯಿಲ್‌ನ ಒತ್ತಡ. ಹಾಗಾಗಿ ಮೊದಲು ಆಯಿಲ್ ನೋಡಿ.

ನನ್ನ ಕಾರಿನಲ್ಲಿ ಗಾಡಿ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಓಡ್ತಿರುವಾಗಲೇ ಡಿಪ್‌ಸ್ಟಿಕ್ ತೆಗೆಯಬೇಕು. ಕೆಲವು ಕಾರುಗಳಲ್ಲಿ ಆಫ್ ಮಾಡಿ ನೋಡಬೇಕು, ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇಲ್ಲ. ಮ್ಯಾನ್ಯುಯಲ್ ಓದಿ, ದಯವಿಟ್ಟು. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಡಿ. ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪಗಿರುತ್ತೆ. ಕಂದು ಅಂದರೆ ಹಳೇದಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಸವೆದು ಆಯಿಲ್‌ಗೆ ಸೇರಿದೆ; ಆಗ ಬರೀ ಆಯಿಲ್ ಬದಲಿಸಿ ಪವಾಡಕ್ಕೆ ಕಾಯಬೇಡಿ, ಗ್ಯಾರೇಜಿನವರು ಹೇಳೋದು ನಿಜವೇ ಇರಬಹುದು. ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ಇದ್ದರೆ ಕೂಲೆಂಟ್ ಸೇರಿಕೊಂಡಿದೆ. ಗಾಡಿ ಓಡಿಸಲೇಬೇಡಿ, ಟೋ ಮಾಡಿಸಿ.

ಆಮೇಲೆ, ಯಾವಾಗ ಜಾರುತ್ತೆ ಅಂತ ಬರೆದಿಡಿ. ರಿವರ್ಸ್ ಸೇರಿ ಎಲ್ಲ ಗೇರಲ್ಲೂ ಜಾರಿದರೆ ಆಯಿಲ್ ಕಮ್ಮಿ, ಫಿಲ್ಟರ್ ಕಟ್ಟಿರೋದು, ಪಂಪ್ ಸವೆದಿರೋದು, ಇಂಥವು. ಒಂದೇ ಗೇರಲ್ಲಿ ಅಂದರೆ ಆ ಗೇರಿನ ಕ್ಲಚ್ ಅಥವಾ ಸೋಲೆನಾಯ್ಡ್ ಮೇಲೆ ಅನುಮಾನ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಜಾರಿದರೆ ರಬ್ಬರ್ ಸೀಲ್ ಗಟ್ಟಿಯಾಗಿರಬಹುದು. ಕೋಡ್ ಕೂಡ ಓದಿಸಿ: ಪಿ0730 ಅಂದರೆ ಗೇರ್ ಅನುಪಾತ ತಾಳೆಯಾಗ್ತಿಲ್ಲ ಅಂತ. ಆನ್‌ಲೈನಲ್ಲಿ ಸಿಗುವ ಅಗ್ಗದ ಡಾಂಗಲ್ ಎಷ್ಟೋ ಸಲ ಇಂಜಿನ್ ಕೋಡ್ ಅಷ್ಟೇ ಓದುತ್ತೆ, ಟ್ರಾನ್ಸ್‌ಮಿಷನ್ ಓದುವ ಸ್ಕ್ಯಾನರ್ ಇರೋ ಕಡೆ ಹೋಗಿ.

ನನ್ನದರಲ್ಲಿ ಆಯಿಲ್ ಕಂದು, ಮಟ್ಟ ಕನಿಷ್ಠ ಗೆರೆಗಿಂತ ತುಂಬಾ ಕೆಳಗೆ. ಕೂಲರ್ ಹೋಸ್‌ನ ಜಾಯಿಂಟಲ್ಲಿ ಸೋರಿಕೆ. ಏರಿನಲ್ಲಿ ಇದ್ದ ಆಯಿಲೂ ಒಂದು ಕಡೆ ಸರಿದು ಪಂಪ್ ಗಾಳಿ ಎಳೀತಿತ್ತು. ಹೋಸ್, ಫಿಲ್ಟರ್, ಆಯಿಲ್, ಕೂಲಿ ಸೇರಿ 9,000 ಒಳಗೆ ಮುಗೀತು.

ಯಾರಾದರೂ ಗೇರ್‌ಬಾಕ್ಸ್ ಇಳಿಸ್ತೀವಿ ಅಂದರೆ, ಅದಕ್ಕೂ ಮುಂಚೆ ಗೇಜ್ ಹಾಕಿ ಲೈನ್ ಪ್ರೆಶರ್ ಅಳೀರಿ ಅಂತ ಕೇಳಿ. ಹಾಕಿದ ಆಯಿಲ್ ಯಾವ ಸ್ಪೆಕ್ ಅಂತ ಬಿಲ್ಲಲ್ಲೂ ಬರೆಸಿಕೊಳ್ಳಿ. ಒಂದು ಕಾರಿನದು ಇನ್ನೊಂದಕ್ಕೆ ಆಗಲ್ಲ.