ಬಾಗಿಲಿಗೆ ಬರುವ ಕಲೆ

‘ಬೀದಿ’ ಎಂಬುದು ಸಂಸ್ಕೃತದ ‘ವೀಥಿ’ಯ ತದ್ಭವವೆಂಬುದನ್ನು ಪ್ರೌಢಶಾಲೆಯ ಹುಡುಗರೂ ಬಲ್ಲರು. ಆದರೆ ಅದೇ ‘ವೀಥಿ’ಯು ಭರತಮುನಿಯ ನಾಟ್ಯಶಾಸ್ತ್ರವು ಹೇಳುವ ದಶರೂಪಕಗಳಲ್ಲಿ ಒಂದರ ಹೆಸರೂ ಹೌದೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಒಂದೇ ಅಂಕ, ಒಬ್ಬನೋ ಇಬ್ಬರೋ ಪಾತ್ರಧಾರಿಗಳು. ಇಷ್ಟರಲ್ಲಿ ಮುಗಿಯುವ ಪುಟ್ಟ ರೂಪಕವದು. ಬೀದಿಗೂ ಕಲೆಗೂ ನಂಟು ಇಂದು ನಿನ್ನೆಯದಲ್ಲವೆಂದು ಈ ಶಬ್ದವೇ ನಮ್ಮ ಕಿವಿಯಲ್ಲಿ ಹೇಳುವಂತಿದೆ.

ಬನ್ನಂಜೆಯಲ್ಲಿರುವ ನಮಗೆ ಈ ನಂಟನ್ನು ತಿಳಿಯಲು ಶಾಸ್ತ್ರಗ್ರಂಥವನ್ನು ಬಿಚ್ಚಬೇಕಾದುದಿಲ್ಲ. ಶ್ರೀಕೃಷ್ಣ ಜನ್ಮಾಷ್ಟಮಿ ಬಂದಿತೆಂದರೆ ಸಾಕು, ತಾಸೆಯ ಸದ್ದು ಓಣಿಯ ತಿರುವಿನಲ್ಲಿ ಕೇಳಿಸುತ್ತದೆ. ಮರುದಿನ ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿ. ಮೊಸರು ಕುಡಿಕೆ ಒಡೆಯುವ ಗೊಲ್ಲರು, ರಥದಲ್ಲಿ ಮೃಣ್ಮಯ ಕೃಷ್ಣಮೂರ್ತಿ, ಕಿಕ್ಕಿರಿದ ಜನ. ಅದರ ನಡುವೆ ಹುಲಿವೇಷ. ಈ ಹುಲಿಗಳು ರಥಬೀದಿಯೊಂದಕ್ಕೇ ಮೀಸಲಲ್ಲ. ಪೇಟೆಯ ಅಂಗಡಿಗಳ ಮುಂದೆ, ಒಳದಾರಿಯ ಮನೆಗಳ ಅಂಗಳದಲ್ಲಿ, ಕರೆದವರಲ್ಲಿಗೂ ಕರೆಯದವರಲ್ಲಿಗೂ ಅವು ಬರುತ್ತವೆ.

ವಾಚಕ ಮಹಾಶಯರೇ, ಘಟ್ಟದ ಮೇಲಿನ ಊರಿನವರಾಗಿದ್ದರೆ ನಿಮಗೆ ಇದರ ಹಿಂದಿರುವ ಶ್ರಮ ತಿಳಿದಿರಲಾರದು. ಮೊದಲು ಲೋಬಾನದ ಧೂಪ, ದೇವರ ಸ್ಮರಣೆ. ಬಳಿಕ ಮೈಯ ಕೂದಲನ್ನು ತೆಗೆದು ಬಣ್ಣ ಬಳಿಯುವರು. ಒಂದು ಲೇಪ ಒಣಗುವ ತನಕ ವೇಷಧಾರಿ ಕೂರುವಂತಿಲ್ಲ, ಮಲಗುವಂತಿಲ್ಲ. ಕೋಲನ್ನಾನಿಸಿಕೊಂಡು ನಿಂತೇ ಇರಬೇಕು. ಅದರ ಮೇಲೆ ಇನ್ನೊಂದು ಲೇಪ, ಆ ಮೇಲೆ ಕರಿಯ ಪಟ್ಟೆಗಳು. ಪಟ್ಟೆಗೆ ಬದಲು ಚುಕ್ಕೆಯಿಟ್ಟರೆ ಚಿರತೆ. ರಾತ್ರಿಯೆಲ್ಲ ಹೀಗೆ ಕಳೆಯುವುದೂ ಉಂಟು. ಹಿಂದೆ ಎಣ್ಣೆಬಣ್ಣವನ್ನು ಸೀಮೆಎಣ್ಣೆಯಿಂದ ಉಜ್ಜಿ ತೆಗೆಯುವಾಗ ಚರ್ಮವೇ ಸುಲಿದಂತೆ ಉರಿಯುತ್ತಿತ್ತು. ಇಷ್ಟೆಲ್ಲ ಸಹಿಸಿ ಬಂದವನು ನಮ್ಮ ಅಂಗಳದಲ್ಲಿ ಕುಣಿಯುವುದು ಎಷ್ಟು ಹೊತ್ತು? ನಾಲ್ಕೋ ಐದೋ ನಿಮಿಷ! ನೆಲದಲ್ಲಿಟ್ಟ ನೋಟನ್ನು ಬಾಯಿಂದ ಕಚ್ಚಿ ತೆಗೆದು ಮುಂದಿನ ಮನೆಗೆ ಸಾಗುತ್ತಾನೆ.

ಆ ನಾಲ್ಕು ನಿಮಿಷಗಳ ಬೆಲೆಯನ್ನು ನೋಡಿದವರೇ ಹೇಳಬೇಕು. ಹಾಸಿಗೆ ಹಿಡಿದ ಅಜ್ಜಿಯನ್ನು ಜಗಲಿಗೆ ತಂದು ಕೂರಿಸುತ್ತಾರೆ. ಮಗು ಅಮ್ಮನ ಸೆರಗಿನಲ್ಲಿ ಅವಿತು ಒಂದೇ ಕಣ್ಣಿನಿಂದ ನೋಡುತ್ತದೆ. ಒಲೆಯ ಮೇಲೆ ಹಾಲಿಟ್ಟವರು ಹಾಲನ್ನು ಮರೆತು ಓಡಿ ಬರುತ್ತಾರೆ. ಟಿಕೇಟಿಲ್ಲ, ಆಹ್ವಾನಪತ್ರವಿಲ್ಲ, ಮುಂದಿನ ಸಾಲು ಹಿಂದಿನ ಸಾಲು ಎಂಬ ಭೇದವಿಲ್ಲ. ದೊಡ್ಡ ಸಂತೋಷಗಳಿಗೆ ನಾವು ಹೋಗಬೇಕಾಗುತ್ತದೆ. ಸಣ್ಣ ಸಂತೋಷಗಳು ತಾವಾಗಿ ಬರುತ್ತವೆ.

ಈಚಿನ ವರ್ಷಗಳಲ್ಲಿ ಈ ಕಲೆಗೆ ಮರ್ಯಾದೆ ಹೆಚ್ಚಿದೆ. ಎತ್ತರದ ವೇದಿಕೆಗಳಲ್ಲಿ ಸ್ಪರ್ಧೆಗಳು ನಡೆಯುತ್ತವೆ. ಸುಮಾರು 40 ಕಿಲೋ ತೂಗುವ ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಹಿಂದಕ್ಕೆಸೆಯುವ ಸಾಹಸಕ್ಕೆ ಬಹುಮಾನವಿದೆ. ಹೆಣ್ಣುಮಕ್ಕಳೂ ಹುಲಿಗಳಾಗಿದ್ದಾರೆ. 2014ರ ‘ಉಳಿದವರು ಕಂಡಂತೆ’, 2021ರ ‘ಗರುಡ ಗಮನ ವೃಷಭ ವಾಹನ’ ಚಲನಚಿತ್ರಗಳು ಕರಾವಳಿಯ ಹುಲಿಯನ್ನು ನಾಡಿಗೆಲ್ಲ ತೋರಿಸಿದವು. ಬೀದಿಯ ಪಡ್ಡೆಹುಡುಗರ ಆಟವೆಂದು ಮೂಗುಮುರಿಯುತ್ತಿದ್ದವರೂ ಈಗ ಕಲೆಯೆಂದು ಒಪ್ಪುತ್ತಾರೆ. ಇದು ಸಂತೋಷದ ವಿಷಯವೇ ಸರಿ. ಮೈಯುರಿ ಸಹಿಸಿದವನಿಗೆ ಹಾರ ಬಿದ್ದರೆ ಬೇಡವೆನ್ನುವವರಾರು?

ಆದರೆ ಒಂದು ಮಾತನ್ನು ಯೋಚಿಸಬೇಕು. ಲಂಡನ್ ನಗರದ ಉತ್ತರ ಭಾಗದಲ್ಲಿ ಒಂದು ಅಂಗಡಿಯ ಗೋಡೆಯ ಮೇಲೆ ಬ್ಯಾಂಕ್ಸಿ ಎಂಬ ಅಜ್ಞಾತ ಚಿತ್ರಕಾರನು ಹೊಲಿಗೆಯಂತ್ರದ ಮುಂದೆ ಕುಳಿತ ಬಾಲಕನ ಚಿತ್ರವನ್ನು ಬರೆದಿದ್ದನು. ಚಿತ್ರಕಾರನ ಕೀರ್ತಿ ಬೆಳೆದಿತ್ತು, ಬೆಲೆಯೂ ಬೆಳೆದಿತ್ತು. 2013ರಲ್ಲಿ ಗೋಡೆಯ ಆ ಭಾಗವನ್ನೇ ಕೊಯ್ದು ಹರಾಜಿಗಿಟ್ಟರು. ಅಲ್ಲಿನ ನಿವಾಸಿಗಳು ಪ್ರತಿಭಟಿಸಿದರು. ಅಮೆರಿಕದಲ್ಲಿ ಮೊದಲ ಹರಾಜು ನಿಂತಿತು. ಆದರೂ ಅದೇ ವರ್ಷ ಚಿತ್ರ ಮಾರಾಟವಾಗಿ ಹೋಯಿತು. ದಿನವೂ ಅದನ್ನು ನೋಡುತ್ತ ಹಾದುಹೋಗುತ್ತಿದ್ದವರಿಗೆ ಉಳಿದುದೇನು?

ನಮ್ಮ ನಾಡಿನ ನಿದರ್ಶನವೂ ಇದೆ. ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯೊಂದರಲ್ಲಿ ಮೊಸಳೆಯ ಪ್ರತಿಕೃತಿಯನ್ನು ತಂದಿಟ್ಟರು. ಜನ ನಕ್ಕರು, ಗುಂಡಿಯೂ ಸರಿಯಾಯಿತು. ಅದೇ ಮೊಸಳೆಯನ್ನು ಕಲಾಮಂದಿರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರೆ ಅದು ಬರಿಯ ಮೊಸಳೆ. ಗುಂಡಿಯಿದ್ದುದರಿಂದಲೇ ಅದು ಕಲೆಯಾಯಿತು. ಬೀದಿಯ ಕಲೆಗೆ ಬೀದಿಯೇ ಅರ್ಧ ಅರ್ಥ.

ಹುಲಿವೇಷಕ್ಕೂ ಈ ಮಾತು ಸಲ್ಲುತ್ತದೆ. ವೇದಿಕೆಯ ಹುಲಿಯನ್ನು ತೀರ್ಪುಗಾರರು ನೋಡುತ್ತಾರೆ. ಅಂಗಳದ ಹುಲಿಯನ್ನು ಅಜ್ಜಿ ನೋಡುತ್ತಾಳೆ. ವೇದಿಕೆಯತ್ತ ನಡೆಯಲಾರದವರಿಗೆ ಅಂಗಳದ ಹುಲಿಯೇ ಗತಿ. ಬಹುಮಂದಿ ವಾಸಿಸುವ ಎತ್ತರದ ಕಟ್ಟಡಗಳು ನಮ್ಮಲ್ಲಿಯೂ ಎದ್ದಿವೆ. ಅವುಗಳ ಗೇಟಿನಲ್ಲಿ ಕಾವಲುಗಾರ ಕೈಯಡ್ಡ ಹಿಡಿದರೆ ಹುಲಿ ಹಿಂದಿರುಗುತ್ತದೆ; ಮೇಲಿನ ಅಂತಸ್ತಿನ ಮಗು ಅದನ್ನು ಫೋನಿನ ತೆರೆಯಲ್ಲಿ ನೋಡುತ್ತದೆ. ತಾಸೆಯ ಪೆಟ್ಟು ಎದೆಗೆ ತಾಗುವ ಅನುಭವ ತೆರೆಯಲ್ಲಿ ಇಲ್ಲ.

ಹತ್ತನೆಯ ಶತಮಾನದಲ್ಲಿ ನಮ್ಮ ಪಂಪಕವಿ ಮಾರ್ಗವನ್ನೂ ದೇಸಿಯನ್ನೂ ಬೆಸೆದು ಕಾವ್ಯ ಕಟ್ಟಿದನು. ಮಾರ್ಗವೆಂದರೆ ಶಿಷ್ಟರ ಪದ್ಧತಿ. ದೇಸಿಯೆಂದರೆ ನಾಡಿನ ನುಡಿ, ನಡೆ. ನಮ್ಮ ಕರಾವಳಿಯ ಆಡುಮಾತಿನಲ್ಲಿ ‘ಮಾರ್ಗ’ವೆಂದರೆ ರಸ್ತೆಯೆಂದೇ ಅರ್ಥ! ವೇದಿಕೆ ಇರಲಿ, ಸಿನಿಮಾ ಇರಲಿ. ಹುಲಿ ಮಾರ್ಗದಲ್ಲಿಯೂ ಇರಲಿ.

ಅಷ್ಟಮಿಯ ವೇಷವು ಬರಿಯ ಮೋಜಿನದಲ್ಲವೆಂಬುದನ್ನು ಕಟಪಾಡಿಯ ರವಿಯವರು ತೋರಿಸಿಕೊಟ್ಟಿದ್ದಾರೆ. ಕಟ್ಟಡದ ಕೂಲಿ ಕೆಲಸ ಮಾಡುವ ಅವರು ವಿಚಿತ್ರ ವೇಷಗಳನ್ನು ಧರಿಸಿ ಬೀದಿಯಲ್ಲಿ ಸುತ್ತಿ, ಬಂದ ಹಣವನ್ನು ರೋಗಪೀಡಿತ ಮಕ್ಕಳ ಚಿಕಿತ್ಸೆಗೆ ಕೊಟ್ಟಿದ್ದಾರೆ. ಮನೆಮನೆಯವರು ಹಾಕಿದ ಸಣ್ಣ ನೋಟುಗಳೇ ಕೂಡಿ ಒಂದು ಮಗುವಿನ ಮದ್ದಾಗುತ್ತವೆ.

ಬೀದಿಯ ಕಲೆಗೆ ರಾಜಾಶ್ರಯವಿರಲಿಲ್ಲ. ಬಾಗಿಲುಗಳೇ ಅದರ ಆಶ್ರಯ. ಆದುದರಿಂದ ಅದನ್ನು ಉಳಿಸುವ ಹೊಣೆ ಸಭೆ-ಸಮಿತಿಗಳಿಗಿಂತ ಹೆಚ್ಚಾಗಿ ನಿಮ್ಮದು, ನಮ್ಮದು. ನಿಮ್ಮ ಊರಿನಲ್ಲಿ ಹುಲಿಯಿಲ್ಲದಿದ್ದರೆ ಕೋಲೆಬಸವನಿರಬಹುದು, ಹಗಲುವೇಷದವರಿರಬಹುದು. ಮುಂದಿನ ಸಲ ಓಣಿಯ ತುದಿಯಲ್ಲಿ ವಾದ್ಯದ ಸದ್ದು ಕೇಳಿದಾಗ ಈ ರೇಡಿಯೋವನ್ನು ಸ್ವಲ್ಪ ತಗ್ಗಿಸಿ, ಗೇಟಿನ ಅಗುಳಿಯನ್ನು ತೆಗೆದಿಡಿ. ಮನೆಯ ಹಿರಿಯರಿಗೆ ಜಗಲಿಯಲ್ಲೊಂದು ಕುರ್ಚಿ ಹಾಕಿ. ಬಂದವನಿಗೆ ನೋಟಿನೊಡನೆ ಒಂದು ಲೋಟ ನೀರನ್ನೂ ಕೊಡಿ. ಬಣ್ಣ ಬಳಿದ ಮೈಗೆ ಬಿಸಿಲು ಬಹಳ.