ಉದ್ದ ಪದಗಳ ಬೀಗ, ಗ್ರೀಕ್ ಬೇರಿನ ಕೀಲಿಕೈ



ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ವಿದ್ಯಾರ್ಥಿಗೆ ಮೊದಲು ಎದುರಾಗುವ ಗುಮ್ಮ ಇಂಗ್ಲಿಷ್ ಪದಗಳು. ‘ಟ್ರಿಗನಾಮೆಟ್ರಿ’ ಎಂಬುದನ್ನು ಕಂಡೊಡನೆ ಎದೆ ಝಲ್ಲೆನ್ನುತ್ತದೆ. ಸ್ಪೆಲಿಂಗ್ ಉರು ಹೊಡೆಯುವುದು, ಪರೀಕ್ಷೆ ಮುಗಿದ ಮರುದಿನ ಮರೆಯುವುದು, ಇಷ್ಟೇ ಆಗುತ್ತದೆ. ಪದಗಳಿಗೆ ಹೆದರಿ ವಿಜ್ಞಾನವನ್ನೇ ಬಿಟ್ಟವರೂ ಉಂಟು.

ಆ ಪದವನ್ನು ಸ್ವಲ್ಪ ಬಿಡಿಸಿ ನೋಡಿ. ಗ್ರೀಕ್ ಭಾಷೆಯಲ್ಲಿ ‘ಟ್ರಿ’ ಎಂದರೆ ಮೂರು, ‘ಗೋನಿಯ’ ಎಂದರೆ ಕೋನ, ‘ಮೆಟ್ರಾನ್’ ಎಂದರೆ ಅಳತೆ. ಇದೇ ಶಾಸ್ತ್ರಕ್ಕೆ ಕನ್ನಡದ ಹೆಸರೇನು? ತ್ರಿಕೋನಮಿತಿ! ತುಂಡಿಗೆ ತುಂಡು ಹೊಂದುತ್ತದೆ. ವಿದ್ಯಾರ್ಥಿಗೆ ಅರ್ಥ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಬೇರು ಮಾತ್ರ.

ಇಂಗ್ಲಿಷಿಗೆ ಈ ಬೇರುಗಳು ಬಂದದ್ದು ಹೇಗೆ? ಗಣಿತ, ವೈದ್ಯ, ತತ್ತ್ವಶಾಸ್ತ್ರಗಳ ಅನೇಕ ಗ್ರೀಕ್ ಪದಗಳನ್ನು ರೋಮನರು ಲ್ಯಾಟಿನ್ನಿಗೆ ತಂದುಕೊಂಡರು. ಮುಂದೆ ಯೂರೋಪಿನ ವಿದ್ವಾಂಸರು ಹೊಸದೊಂದು ಕಂಡಾಗ ಹಲವು ಬಾರಿ ಗ್ರೀಕ್ ತುಂಡುಗಳನ್ನೇ ಜೋಡಿಸಿ ಹೆಸರಿಟ್ಟರು. 1842ರಲ್ಲಿ ರಿಚರ್ಡ್ ಓವೆನ್ ‘ಭಯಂಕರ ಹಲ್ಲಿ’ ಎಂಬರ್ಥದ ‘ಡೈನೋಸಾರ್’ ಪದ ಕಟ್ಟಿದ್ದು ಹೀಗೆಯೇ.

ನಮ್ಮಲ್ಲಿ ಇದೇ ಕೆಲಸಕ್ಕೆ ಸಂಸ್ಕೃತ ಒದಗಿತು. ‘ಟೆಲಿ’ ಅಂದರೆ ದೂರ, ‘ಫೋನ್’ ಅಂದರೆ ಧ್ವನಿ: ದೂರವಾಣಿ. ‘ಮೈಕ್ರೋ’ ಸೂಕ್ಷ್ಮ, ‘ಸ್ಕೋಪ್’ ನೋಡುವ ಸಾಧನ: ಸೂಕ್ಷ್ಮದರ್ಶಕ. ‘ಬಯೋ’ ಜೀವ, ‘ಲಾಜಿ’ ಶಾಸ್ತ್ರ: ಜೀವಶಾಸ್ತ್ರ. ಈ ಆರು ತುಂಡು ತಿಳಿದವರಿಗೆ ಟೆಲಿಸ್ಕೋಪ್, ಮೈಕ್ರೋಫೋನ್, ಮೈಕ್ರೋಬಯಾಲಜಿಗಳಿಗೆ ಬೇರೆ ಪಾಠ ಬೇಕಿಲ್ಲ.

ಇನ್ನೊಂದು ಅನುಕೂಲವೂ ಇದೆ. ಪಂಚ–ಪೆಂಟ, ಸಪ್ತ–ಹೆಪ್ಟ, ಅಷ್ಟ–ಆಕ್ಟ, ದಶ–ಡೆಕ: ಇವು ಒಂದೇ ಮನೆತನದ ಪದಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಮೂಲ ಒಂದೇ ಇರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದರು. ಇಲ್ಲವೆನ್ನುವ ‘ಅನ್’ ಕೂಡ ಎರಡೂ ಕಡೆ ಇದೆ. ಆರೋಗ್ಯವಿಲ್ಲದಿದ್ದರೆ ಅನಾರೋಗ್ಯ; ‘ಹೈಮ’ ಅಂದರೆ ರಕ್ತ, ಅದು ಸಾಲದಿದ್ದರೆ ಅನೀಮಿಯ, ಅಂದರೆ ರಕ್ತಹೀನತೆ.

ಹಾಗೆಂದು ಬೇರನ್ನೇ ಪೂರ್ತಿ ನಂಬುವಂತಿಲ್ಲ. ‘ಪೆಡೆಸ್ಟ್ರಿಯನ್’ ಎಂದರೆ ಪಾದಚಾರಿ. ಅಲ್ಲಿರುವುದು ಪಾದವೆಂಬ ಲ್ಯಾಟಿನ್ ಬೇರು. ‘ಪೀಡಿಯಾಟ್ರಿಕ್ಸ್’ ಮಕ್ಕಳ ವೈದ್ಯ. ಅಲ್ಲಿರುವುದು ಮಗುವೆಂಬ ಗ್ರೀಕ್ ಬೇರು. ಕಾಲನ್ನು ಹುಡುಕಿದರೆ ಅಲ್ಲಿ ಸಿಗದು. ‘ಆಟಂ’ ಎಂದರೆ ತುಂಡರಿಸಲಾಗದ್ದು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ ಹೆಸರು ಉಳಿಯಿತು, ಅರ್ಥ ಉಳಿಯಲಿಲ್ಲ. ಆದ್ದರಿಂದ ಬೇರಿನಿಂದ ಊಹಿಸಬೇಕು, ನಿಘಂಟು ನೋಡಿ ಖಚಿತಪಡಿಸಿಕೊಳ್ಳಬೇಕು.

ಕೊನೆಗೊಂದು ಮಾತು. ಗ್ರೀಕರ ‘ಕೆಂಟ್ರಾನ್’ ಲ್ಯಾಟಿನ್ನಿನ ದಾರಿ ಹಿಡಿದು ಇಂಗ್ಲಿಷಿನಲ್ಲಿ ‘ಸೆಂಟರ್’ ಆಯಿತು. ಅದೇ ಪದ ಜ್ಯೋತಿಷ ಗ್ರಂಥಗಳ ಮೂಲಕ ಸಂಸ್ಕೃತಕ್ಕೆ ಬಂದು, ಅಲ್ಲಿಂದ ಕನ್ನಡಕ್ಕೆ ‘ಕೇಂದ್ರ’ವಾಗಿ ಇಳಿಯಿತು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಅಂಜುತ್ತ ನಿಂತ ಹಳ್ಳಿಯ ವಿದ್ಯಾರ್ಥಿ, ಅಲ್ಲಿಯ ಫಲಕ ಓದುವಾಗಲೇ ಒಂದು ಗ್ರೀಕ್ ಪದವನ್ನು ಸಲೀಸಾಗಿ ಓದಿರುತ್ತಾನೆ.