ಮುಪ್ಪಿನಲ್ಲಿ ವಕೀಲರ ಆಯ್ಕೆ

‘ವಕೀಲ’ ಎಂಬುದು ಕನ್ನಡದ ಮೂಲಪದವಲ್ಲ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದು, ಈಗ ಮನೆಮಾತಿನಂತೆಯೇ ಆಗಿಹೋಗಿರುವ ಪದ. ಮತ್ತೊಬ್ಬರ ಪರವಾಗಿ, ಅವರ ಸ್ಥಾನದಲ್ಲಿ ನಿಂತು ಕಾರ್ಯ ನಡೆಸುವವನು ಎಂಬುದು ಅದರ ಅರ್ಥ. ವಯಸ್ಸಾದವರು ವಕೀಲರನ್ನು ಆರಿಸಿಕೊಳ್ಳುವಾಗ ಮೊದಲು ನೆನೆಯಬೇಕಾದುದು ಈ ಅರ್ಥವನ್ನೇ. ಇವರು ಯಾರ ಸ್ಥಾನದಲ್ಲಿ ನಿಂತಿದ್ದಾರೆ? ನನ್ನ ಸ್ಥಾನದಲ್ಲಿಯೋ, ನನ್ನ ಮಗನ ಸ್ಥಾನದಲ್ಲಿಯೋ?

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಕೇಳಿ ಬೆಳೆದ ನಮ್ಮ ಹಿರಿಯರು ವಕೀಲರ ಮನೆಯ ಮೆಟ್ಟಲು ಹತ್ತಲು ಹಿಂಜರಿಯುತ್ತಾರೆ. ವ್ಯಾಜ್ಯಕ್ಕೆ ಹೆದರುವುದು ವಿವೇಕವೇ ಸರಿ. ಆದರೆ ವ್ಯಾಜ್ಯ ಹೂಡುವುದು ಬೇರೆ, ವ್ಯಾಜ್ಯವೇ ಹುಟ್ಟದಂತೆ ಬಲ್ಲವರನ್ನು ಕೇಳಿ ನಡೆಯುವುದು ಬೇರೆ. ಮುಪ್ಪಿನಲ್ಲಿ ವಕೀಲರ ಉಪಯೋಗ ಹೆಚ್ಚಾಗಿರುವುದು ಈ ಎರಡನೆಯದರಲ್ಲಿ. ಅವರು ಬೇಕಾಗುವುದು ರುಜು ಹಾಕಿದ ಮೇಲಲ್ಲ, ಹಾಕುವುದಕ್ಕೆ ಮೊದಲು.

ಒಂದು ಸಂಸಾರವನ್ನು ಭಾವಿಸಿಕೊಳ್ಳಿ. ತಾಯಿಯ ಹೆಸರಿನಲ್ಲಿ ಒಂದು ಮನೆಯಿದೆ. ಮಗ ಒಳ್ಳೆಯವನೇ. ‘ಹೇಗೂ ನನಗೆ ಬರುವುದಲ್ಲವೆ, ಈಗಲೇ ಬರೆದುಕೊಡು’ ಎನ್ನುತ್ತಾನೆ. ಪತ್ರಬರಹಗಾರರು ಅಚ್ಚುಕಟ್ಟಾಗಿ ದಾನಪತ್ರ ಸಿದ್ಧಪಡಿಸುತ್ತಾರೆ; ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹೆಬ್ಬೆಟ್ಟು ಬೀಳುತ್ತದೆ. ಉಯಿಲಾಗಿದ್ದರೆ ತಾಯಿ ಬದುಕಿರುವಷ್ಟು ಕಾಲವೂ ಅದನ್ನು ಬದಲಾಯಿಸಬಹುದಾಗಿತ್ತು. ದಾನಪತ್ರ ಹಾಗಲ್ಲ. ನೋಂದಣಿಯಾಗಿ ಮಗ ಸ್ವೀಕರಿಸಿದ ಮೇಲೆ ಮನೆ ಅವನದು. ಮನಸ್ಸು ಬದಲಾಯಿತೆಂದು ಹಿಂದಕ್ಕೆ ಕೇಳುವಂತಿಲ್ಲ.

ಇಂಥವರ ರಕ್ಷಣೆಗಾಗಿಯೇ ೨೦೦೭ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯಿದೆ ಬಂದಿತು. ಆಸ್ತಿ ಪಡೆದವನು ಬರೆದುಕೊಟ್ಟವರ ಅವಶ್ಯಕತೆಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿದ್ದು, ಅವನು ಅದಕ್ಕೆ ತಪ್ಪಿದರೆ, ಆ ಪತ್ರವನ್ನು ರದ್ದುಪಡಿಸಬಹುದೆಂದು ಅದರ ೨೩ನೆಯ ಕಲಮು ಹೇಳುತ್ತದೆ. ಷರತ್ತು ಇತ್ತೆಂಬುದು ಸ್ಥಾಪಿತವಾಗಬೇಕೆಂದು ಸುಪ್ರೀಂ ಕೋರ್ಟು ೨೦೨೨ರಲ್ಲಿ ಹೇಳಿತು. ಹಿರಿಯರ ಹಿತಕ್ಕಾಗಿ ಮಾಡಿದ ಈ ಕಾಯಿದೆಯನ್ನು ಉದಾರವಾಗಿ ಅರ್ಥೈಸಬೇಕೆಂದು ಅದೇ ಕೋರ್ಟು ೨೦೨೫ರಲ್ಲಿ ತೀರ್ಪಿತ್ತಿತು. ಆದರೂ ಪತ್ರದಲ್ಲಿಯೇ ಒಂದು ವಾಕ್ಯ ಸ್ಪಷ್ಟವಾಗಿದ್ದರೆ ಇಷ್ಟು ವಾದವೇ ಬೇಕಾಗುವುದಿಲ್ಲ. ಆ ಒಂದು ವಾಕ್ಯವನ್ನು ಬರೆಸುವವರೇ ನಿಮ್ಮ ವಕೀಲರು.

ಅಂಥವರನ್ನು ಹುಡುಕುವುದು ಹೇಗೆ? ಬೀದಿಯ ನಾಮಫಲಕ ನಿಮಗೆ ಸಹಾಯ ಮಾಡದು. ತಾವು ಇಂಥ ಬಗೆಯ ಕೆಲಸದಲ್ಲಿ ವಿಶೇಷಜ್ಞರೆಂದು ಫಲಕದಲ್ಲಿ ಸೂಚಿಸಕೂಡದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ಜಾಹೀರಾತೂ ಕೂಡದು. ಆದುದರಿಂದ ‘ಹಿರಿಯರ ವಕೀಲರು’ ಎಂಬ ಹಲಗೆಯನ್ನು ಹುಡುಕಬೇಡಿ. ೧೯೬೧ರ ವಕೀಲರ ಕಾಯಿದೆಯಂತೆ ಅವರ ಹೆಸರು ರಾಜ್ಯ ವಕೀಲರ ಪರಿಷತ್ತಿನ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಅವರಿಂದ ಕೆಲಸ ಮಾಡಿಸಿಕೊಂಡ ಇಬ್ಬರು ಮೂವರು ವಯಸ್ಸಾದವರನ್ನು ಕಂಡು ಮಾತನಾಡಿ. ಆಮೇಲೆ ನೀವೇ ಹೋಗಿ ಪ್ರಶ್ನೆ ಕೇಳಿ.

ಮೇಷ್ಟರ ಕಸುಬಿನವನಾದ ನನಗೆ ಪ್ರಶ್ನೆಪತ್ರಿಕೆ ತಯಾರಿಸುವುದು ರೂಢಿ. ಇಲ್ಲಿಯೂ ಮೂರು ಪ್ರಶ್ನೆಗಳನ್ನು ಕೊಡುತ್ತೇನೆ.

ಮೊದಲನೆಯದು: ‘ನನ್ನ ಆಸ್ತಿಯನ್ನು ಮಕ್ಕಳಿಗೆ ಕೊಡಬೇಕು, ದಾನಪತ್ರವೋ, ಉಯಿಲೋ?’ ಕೇಳಿದ ಕೂಡಲೇ ಕಾಗದ ತೆಗೆಯುವವರಿಗಿಂತ, ‘ಕೊಟ್ಟ ಮೇಲೆ ನಿಮ್ಮ ಊಟ, ವಸತಿ, ಔಷಧಿಗೆ ಏನು ದಾರಿ?’ ಎಂದು ತಿರುಗಿ ಕೇಳುವವರು ಮೇಲು.

ಎರಡನೆಯದು: ‘ಮಕ್ಕಳು ನೋಡಿಕೊಳ್ಳದಿದ್ದರೆ ಎಲ್ಲಿಗೆ ಹೋಗಬೇಕು?’ ಬಲ್ಲವರು ಮೊದಲು ಸಿವಿಲ್ ಕೋರ್ಟಿನ ಹೆಸರೆತ್ತುವುದಿಲ್ಲ. ೨೦೦೭ರ ಕಾಯಿದೆಯಂತೆ ನ್ಯಾಯಮಂಡಳಿಯಿದೆ. ನಮ್ಮ ರಾಜ್ಯದಲ್ಲಿ ಉಪವಿಭಾಗದ ಅಸಿಸ್ಟೆಂಟ್ ಕಮಿಷನರು ಅದರ ಅಧ್ಯಕ್ಷರು. ೬೦ ವರ್ಷ ತುಂಬಿದವರು ತಾವೇ ಅರ್ಜಿ ಕೊಡಬಹುದು. ತಂದೆತಾಯಿಗಳಿಗೆ ಈ ವಯಸ್ಸಿನ ಕಟ್ಟೂ ಇಲ್ಲ. ತೀರ್ಪು ಒಪ್ಪಿಗೆಯಾಗದಿದ್ದರೆ ೬೦ ದಿನಗಳೊಳಗೆ ಜಿಲ್ಲಾಧಿಕಾರಿಗಳಲ್ಲಿ ಮೇಲ್ಮನವಿ. ಈ ಮಂಡಳಿಯ ಮುಂದೆ ವಕೀಲರು ಕೂಡದೆಂದು ಕಾಯಿದೆಯ ೧೭ನೆಯ ಕಲಮು ಹೇಳುತ್ತದೆ. ಆದರೆ ವಕೀಲರ ಕಾಯಿದೆಯ ೩೦ನೆಯ ಕಲಮು ೨೦೧೧ರಲ್ಲಿ ಜಾರಿಗೆ ಬಂದುದರಿಂದ ಅವರನ್ನು ತಡೆಯಲಾಗದೆಂದು ಕೇರಳದ ಹೈಕೋರ್ಟು ೨೦೨೧ರಲ್ಲಿ ತೀರ್ಮಾನಿಸಿತು. ‘ನಮ್ಮ ಉಪವಿಭಾಗದಲ್ಲಿ ಪದ್ಧತಿ ಹೇಗಿದೆ?’ ಎಂದು ಕೇಳಿ. ಈ ಕೆಲಸ ಮಾಡಿ ನುರಿತವರು ತಡವರಿಸದೆ ಹೇಳುತ್ತಾರೆ. ‘ಈ ಅರ್ಜಿಗೆ ನಾನು ಬೇಕಾಗಿಲ್ಲ, ನೀವೇ ಬರೆದುಕೊಡಿ’ ಎಂದು ಹೇಳಿ ಕಳುಹಿಸುವ ವಕೀಲರು ಸಿಕ್ಕರೆ, ಅವರ ವಿಳಾಸವನ್ನು ಜೋಪಾನವಾಗಿಟ್ಟುಕೊಳ್ಳಿ.

ಮೂರನೆಯದು: ‘ಖರ್ಚು ಎಷ್ಟು?’ ಈ ಪ್ರಶ್ನೆಗೆ ಸಂಕೋಚ ಬೇಡ. ಗೆದ್ದರೆ ಆಸ್ತಿಯಲ್ಲಿ ಇಷ್ಟು ಪಾಲು ಎಂದು ಕರಾರು ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಹಾಗೆ ಕೇಳಿದವರಿಗೆ ನಮಸ್ಕರಿಸಿ ಹೊರಟುಬನ್ನಿ. ಕೊಟ್ಟ ಹಣಕ್ಕೆ ರಸೀತಿ ಪಡೆಯಿರಿ. ಮೂಲ ದಸ್ತಾವೇಜುಗಳನ್ನು ನಿಮ್ಮ ಬಳಿಯಲ್ಲಿಟ್ಟುಕೊಂಡು ನಕಲುಗಳನ್ನು ಕೊಡಿ. ಫೀಜು ಬಾಕಿಯೆಂದು ಕಕ್ಷಿಗಾರರ ಕಾಗದಪತ್ರಗಳನ್ನು ತಡೆಹಿಡಿಯಕೂಡದೆಂದು ಸುಪ್ರೀಂ ಕೋರ್ಟು ೨೦೦೦ದಲ್ಲಿಯೇ ಹೇಳಿದೆ.

ಹಣವಿಲ್ಲದವರು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ತಾಲ್ಲೂಕಿನಲ್ಲಿ ಸಮಿತಿ, ಜಿಲ್ಲೆಯಲ್ಲಿ ಪ್ರಾಧಿಕಾರ ಇವೆ. ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೂ ಆದಾಯವನ್ನು ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಉಳಿದವರಲ್ಲಿ ಆದಾಯ ಕಡಮೆಯಿರುವವರಿಗೂ ಉಂಟು. ೧೫೧೦೦ ಎಂಬ ದೂರವಾಣಿ ಸಂಖ್ಯೆ ಇದಕ್ಕಾಗಿದೆ. ಹಿರಿಯರ ಇತರ ಕಷ್ಟಗಳನ್ನು ಹೇಳಿಕೊಳ್ಳಲು ೧೪೫೬೭ ಇದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಮಗನೋ ಅಳಿಯನೋ ತಮ್ಮ ವಕೀಲರನ್ನು ನಿಮ್ಮ ಮನೆಗೇ ಕರೆತರಬಹುದು. ಅವರು ಸಜ್ಜನರೇ ಆಗಿರಬಹುದು. ಆದರೆ ಅವರು ನಿಂತಿರುವುದು ಕರೆತಂದವರ ಸ್ಥಾನದಲ್ಲಿ. ಅರ್ಧ ಗಂಟೆ ಒಬ್ಬರೇ ಕುಳಿತು ಮಾತನಾಡಲು ಅವಕಾಶ ಕೇಳಿ. ಒಳ್ಳೆಯ ವಕೀಲರಾದರೆ ನೀವು ಕೇಳುವ ಮೊದಲೇ ಉಳಿದವರನ್ನು ಹೊರಗೆ ಕಳುಹಿಸಿ, ಪತ್ರವನ್ನು ಸಾವಧಾನವಾಗಿ ಕನ್ನಡದಲ್ಲಿ ಓದಿ ಹೇಳಿ, ‘ಇದು ನಿಮ್ಮ ಮನಸ್ಸಿಗೆ ಒಪ್ಪಿಗೆಯೇ?’ ಎಂದು ಕೇಳುತ್ತಾರೆ. ‘ನಾಳೆ ಹೇಳುತ್ತೇನೆ’ ಎಂದರೆ ಬೇಸರಪಡುವುದಿಲ್ಲ. ಮಕ್ಕಳಲ್ಲಿ ಪ್ರೀತಿಯಿರಲಿ, ನಂಬಿಕೆಯೂ ಇರಲಿ. ಷರತ್ತು ಬರೆಸಿದರೆ ಪ್ರೀತಿಗೆ ಕುಂದು ಬಂದಂತಾಗುವುದಿಲ್ಲ. ನೋಡಿಕೊಳ್ಳುವ ಮನಸ್ಸುಳ್ಳ ಮಗನಿಗೆ ಆ ವಾಕ್ಯ ಭಾರವೂ ಆಗದು.